ಕಾನ್‌ಕಾರ್ಡಿನ ಸಭಾಗೃಹ: ಒಂದು ಪುನರ್ವಿಮರ್ಶೆ

ಅಮೆರಿಕದ ಕ್ರಾಂತಿಯನ್ನು ಕುರಿತು ಬರೆಯುವವರು ಮ್ಯಾಸಚೂಸೆಟ್ಸಿನ ಕಾನ್‌ಕಾರ್ಡ್ ಊರಿನ ಸಭಾಗೃಹವನ್ನು ಪ್ರಜಾಪ್ರಭುತ್ವದ ತವರೆಂದು ಕೊಂಡಾಡುವುದುಂಟು. ಈ ಪ್ರಶಂಸೆ ನಿರಾಧಾರವಾದುದಲ್ಲ, ಆದರೆ ಅಪೂರ್ಣವಾದುದು.

ಇಗರ್ಜಿಯೊಂದು ಆಪತ್ಕಾಲದಲ್ಲಿ ಶಾಸನಸಭೆಗೆ ಎಡೆಕೊಟ್ಟಿತೆಂದು ತಿಳಿಯುವುದು ಮೊದಲನೆಯ ತಪ್ಪು. ನ್ಯೂ ಇಂಗ್ಲೆಂಡಿನ ಪ್ಯೂರಿಟನ್ನರಿಗೆ ಇಗರ್ಜಿಯೆಂದರೆ ಭಕ್ತಸಮುದಾಯವೇ ಹೊರತು ಕಟ್ಟಡವಲ್ಲ. ಸಭಾಗೃಹವು ಊರಿನ ತೆರಿಗೆಯಿಂದ ನಿರ್ಮಿತವಾದ, ಊರಿನ ಸೊತ್ತು. ಭಾನುವಾರದ ಉಪದೇಶವೂ ಊರಿನ ಲೌಕಿಕ ಸಭೆಯೂ ಅಲ್ಲಿಯೇ ನಡೆಯುತ್ತಿದ್ದುವು. ಆದುದರಿಂದ 1774ರ ಅಕ್ಟೋಬರಿನಲ್ಲಿ, ಗವರ್ನರ್ ಗೇಜ್ ರದ್ದುಪಡಿಸಿದ್ದ ಶಾಸನಸಭೆಯ ಸದಸ್ಯರು ಸೇಲಂನಲ್ಲಿ ಪ್ರಾಂತೀಯ ಕಾಂಗ್ರೆಸ್ಸಾಗಿ ರೂಪುಗೊಂಡು, ಜಾನ್ ಹ್ಯಾನ್‌ಕಾಕನ ಅಧ್ಯಕ್ಷತೆಯಲ್ಲಿ ಇಲ್ಲಿ ಸೇರಿದಾಗ, ಮನೆಯ ಧರ್ಮಕ್ಕೆ ಚ್ಯುತಿಯೇನೂ ಒದಗಲಿಲ್ಲ. ಊರಿನ ಪಾದ್ರಿ ವಿಲಿಯಂ ಎಮರ್ಸನ್, ಅಂದರೆ ಪ್ರಸಿದ್ಧ ಲೇಖಕ ಎಮರ್ಸನನ ಅಜ್ಜ, ಅದರ ಪುರೋಹಿತನಾದನು. ತೆರಿಗೆಯ ಹಣವನ್ನು ರಾಜನ ಖಜಾಂಚಿಗೆ ಸಲ್ಲಿಸಬಾರದೆಂದು ಆ ತಿಂಗಳಲ್ಲಿಯೇ ಕಾಂಗ್ರೆಸ್ಸು ಸಲಹೆಯಿತ್ತಿತು. 1775ರ ಏಪ್ರಿಲ್ 15ರಂದು ಇಲ್ಲಿನ ಎರಡನೆಯ ಬೈಠಕ್ಕು ಮುಗಿಯಿತು. ನಾಲ್ಕು ದಿನಗಳಲ್ಲಿ ಯುದ್ಧ ಆರಂಭವಾಯಿತು.

ಆದರೆ ಈ ಸಭಾಗೃಹಗಳ ಒಳಗಿನ ವ್ಯವಸ್ಥೆಯು ಸಮತೆಯದಲ್ಲ. ನ್ಯೂ ಇಂಗ್ಲೆಂಡಿನಲ್ಲಿ ವಯಸ್ಸು, ಸಂಪತ್ತು, ಪ್ರತಿಷ್ಠೆಗಳನ್ನು ತೂಗಿನೋಡಿ ಕುಟುಂಬಗಳಿಗೆ ಆಸನಗಳನ್ನು ಹಂಚುತ್ತಿದ್ದರು. ಕರಿಯರಿಗೆ ಸಾಮಾನ್ಯವಾಗಿ ಮೇಲಿನ ಮೊಗಸಾಲೆಯೇ ಗತಿ. ಉಪದೇಶವನ್ನು ಕೇಳುವ ಹಕ್ಕು ಹೆಂಗಸರಿಗಿದ್ದಿತು, ಊರಿನ ಸಭೆಯಲ್ಲಿ ಮತ ನೀಡುವ ಹಕ್ಕಿರಲಿಲ್ಲ. ಎಲ್ಲರನ್ನೂ ಒಳಕ್ಕೆ ಕರೆದು ಪ್ರತಿಯೊಬ್ಬರಿಗೂ ಅವರವರ ಸ್ಥಾನವನ್ನು ತೋರಿಸುವ ಮನೆ ಅದು.

ಇದಕ್ಕಿಂತ ಗಹನವಾದ ಪ್ರಶ್ನೆ ತೆರಿಗೆಯದು. ರಾಜನಿಗೆ ತೆರಿಗೆ ಸಲ್ಲದೆಂದ ಪ್ರಾಂತವು ಪಾದ್ರಿಗೆ ಸಲ್ಲಬೇಕೆಂಬುದನ್ನು ಕೈಬಿಡಲಿಲ್ಲ. ಪ್ರಾಟೆಸ್ಟಂಟ್ ಬೋಧಕರ ಪೋಷಣೆಗೆ ಊರುಗಳು ಹಣ ಒದಗಿಸಬೇಕೆಂಬ ಏರ್ಪಾಡನ್ನು 1780ರ ಮ್ಯಾಸಚೂಸೆಟ್ಸ್ ಸಂವಿಧಾನವೇ ಸ್ಥಿರಪಡಿಸಿತು. ಅದು ರದ್ದಾದುದು 1833ರಲ್ಲಿ. ಒಂದೇ ಮಾಡಿನ ಕೆಳಗೆ ದೇವರನ್ನೂ ರಾಜ್ಯವನ್ನೂ ಕೂರಿಸಿದ ಮನೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವಂತಹುದಾಗಿರಲಿಲ್ಲ.

ಈ ಅಭ್ಯಾಸದ ತೀಕ್ಷ್ಣ ವಿಮರ್ಶಕನು ಆ ಊರಿನಲ್ಲಿಯೇ ಹುಟ್ಟಿದನೆಂಬುದು ಗಮನಾರ್ಹ. ತಾನು ಸೇರದಿದ್ದ ಯಾವ ಸಂಸ್ಥೆಯ ಸದಸ್ಯನೆಂದೂ ತನ್ನನ್ನು ಎಣಿಸಕೂಡದೆಂದು ಥೋರೋ 1841ರಲ್ಲಿ ಇದೇ ಸಭಾಗೃಹದ ಧರ್ಮಸಭೆಗೆ ಬರೆದುಕೊಟ್ಟನು. 1849ರಲ್ಲಿ ಪ್ರಕಟವಾದ ಅಸಹಕಾರದ ಪ್ರಬಂಧದಲ್ಲಿ, ಸರ್ಕಾರಕ್ಕೆ ತೆರಿಗೆ ಕೊಡಲೊಲ್ಲದೆ ಸೆರೆಗೆ ಹೋದ ಪ್ರಸಂಗದೊಡನೆ ಈ ನಿರಾಕರಣೆಯನ್ನೂ ಆತನು ಹೇಳಿದ್ದಾನೆ. ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ಓದಿ, 1907ರಲ್ಲಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಮೂಲಕ ಪರಿಚಯಿಸಿದ ಪ್ರಬಂಧವೂ ಇದೇ.

ಹಳೆಯ ಕಟ್ಟಡ 1900ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಂದು ಕಾಣುವುದು ಅನಂತರದ ರಚನೆ. ಆದುದರಿಂದ ಆ ಮನೆಯ ಹಿರಿಮೆಯನ್ನು ಅದರ ಮರಮುಟ್ಟಿನಲ್ಲಿ ಅರಸುವಂತಿಲ್ಲ. ಸಮ್ಮತಿಯಿಲ್ಲದೆ ತೆರಿಗೆಯಿಲ್ಲವೆಂಬ ತತ್ತ್ವವನ್ನು ಶಾಸಕರು ರಾಜನ ಮಟ್ಟಿಗೆ ಅನ್ವಯಿಸಿದರು. ಅದನ್ನು ಸಭಾಗೃಹದ ಮಟ್ಟಿಗೂ ಅನ್ವಯಿಸಿದವನು ಅಲ್ಲಿಂದ ಹೊರನಡೆದ ಪ್ರಜೆ. ಇಬ್ಬರನ್ನೂ ಒಟ್ಟಿಗೆ ಓದಿದಾಗಲೇ ಆ ಮನೆಯ ಚರಿತ್ರೆ ಪೂರ್ಣವಾಗುವುದು.