ನೀರು ಇಳಿಯುವ ಹೊತ್ತು

ದೋಣಿಯಲ್ಲಿ ಕೂತು ಊರು ನೋಡಿ ಬಂದವರ ಪ್ರವಾಸ ಲೇಖನಗಳು ಈಚೆಗೆ ಹೆಚ್ಚಾಗಿವೆ. ಭಾನುವಾರದ ಪುರವಣಿ ಬಿಡಿಸಿದರೆ ಒಂದಲ್ಲ ಒಂದು ಕಣ್ಣಿಗೆ ಬೀಳುತ್ತದೆ. ಸ್ವಂತದ್ದೋ ಸ್ನೇಹಿತರದ್ದೋ ಒಂದು ಮೋಟಾರು ದೋಣಿ, ನಾಲ್ಕೈದು ಜನ, ಒಂದು ಬುಟ್ಟಿ ತಿಂಡಿ, ಎರಡೂ ಕಡೆ ತೆಂಗಿನ ಸಾಲು, ನಡುವೆ ಒಂದೆರಡು ಕುದ್ರು, ಕೊನೆಗೆ ಅಳಿವೆಯಲ್ಲಿ ಸೂರ್ಯಾಸ್ತ. ಹೊಳೆಯ ಹೆಸರು ಬದಲಾಗುತ್ತದೆ, ತಿಂಡಿಯ ಹೆಸರು ಬದಲಾಗುತ್ತದೆ, ಉಳಿದದ್ದೆಲ್ಲ ಅದೇ. ಹಾಗೆಂದು ನಾನು ಇವನ್ನು ಓದದೆ ಬಿಡುವವಳಲ್ಲ. ಅಡಿಗೆಮನೆಯ ಕಿಟಕಿಯಿಂದ ಹಿತ್ತಿಲಷ್ಟೇ ಕಾಣುವವರಿಗೆ ಬೇರೆಯವರ ದೋಣಿಯಾದರೂ ಒಂದು ದೋಣಿಯೇ.

ಆದರೆ ಓದುತ್ತ ಓದುತ್ತ ನನಗೊಂದು ಸಂಗತಿ ಹೊಳೆಯಿತು. ಈ ಲೇಖನಗಳಲ್ಲಿ ನೀರು ಎಂದೂ ಇಳಿಯುವುದಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೊಳೆ ದಡ ತುಂಬಿಯೇ ಇರುತ್ತದೆ. ಕಡಲ ಬಾಯಿಗೆ ಹತ್ತಿರದ ಹೊಳೆಯಲ್ಲಿ ಇದು ಸಾಧ್ಯವೇ ಇಲ್ಲದ ಮಾತು.

ಕಟಪಾಡಿಯಿಂದ ಪಡುವಣಕ್ಕೆ ಮಟ್ಟುವಿನ ಕಡೆ ಹೋದರೆ ಮೊದಲು ಗುಳ್ಳದ ಗದ್ದೆ, ಆಮೇಲೆ ಹೊಳೆ, ಹೊಳೆ ದಾಟಿದರೆ ಕಡಲು. ಪಾಪನಾಶಿನಿ ಎಂದೂ ಉದ್ಯಾವರ ಹೊಳೆ ಎಂದೂ ಕರೆಯುವ ನೀರು ಕಡಲಿನ ಪಕ್ಕಪಕ್ಕದಲ್ಲೇ ಬಡಗಿಗೆ ಹರಿದು ಮಲ್ಪೆಯಲ್ಲಿ ಸಮುದ್ರ ಸೇರುತ್ತದೆ. 2016ರ ಕಾಯಿದೆಯಲ್ಲಿ ದೇಶದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಾಯಿತಲ್ಲ, ಅದರಲ್ಲಿ ನಮ್ಮ ಈ ಸಣ್ಣ ಹೊಳೆಯ ಹೆಸರೂ ಇದೆ. ಮಂಗಳೂರಿನ ನೇತ್ರಾವತಿ, ಗುರುಪುರ ಹೊಳೆಗಳ ಹೆಸರೂ ಇವೆ. ಪಟ್ಟಿ ಏನೇ ಹೇಳಲಿ, ಈ ಹೊಳೆಗಳ ಯಜಮಾನಿಕೆ ಚಂದ್ರನದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತಿನ ಉಬ್ಬರ ನಾಳೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ನೀರು ತುಂಬ ಏರುತ್ತದೆ, ತುಂಬ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಹೊಳೆಗೆ ಇಳಿದು ಮರುವಾಯಿ ಹೆಕ್ಕುವ ಹೆಂಗಸೊಬ್ಬರನ್ನು ಒಮ್ಮೆ ಕೇಳಿದ್ದೆ, "ಇಳಿತ ಎಷ್ಟು ಹೊತ್ತಿಗೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಕ್ಕ?" ಅಂತ. ಅವರು ನನ್ನನ್ನು ಒಂದು ಕ್ಷಣ ನೋಡಿ, "ನಿಮ್ಮ ಮನೆಯಲ್ಲಿ ಪಂಚಾಂಗ ಇಲ್ಲವಾ ಅಮ್ಮ?" ಎಂದರು.

ದೋಣಿಯ ಪುಸ್ತಕ ಎಂದಾಗ ನಮ್ಮಲ್ಲಿ ಇಂಗ್ಲಿಷ್ ಓದಿದವರಿಗೆಲ್ಲ ನೆನಪಾಗುವುದು ಜೆರೋಮ್ ಕೆ. ಜೆರೋಮನ 'ತ್ರೀ ಮೆನ್ ಇನ್ ಎ ಬೋಟ್'. 1889ರಲ್ಲಿ ಬಂದ ಪುಸ್ತಕ. ಪಾಡ್ಜರ್ ಮಾವ ಗೋಡೆಗೆ ಒಂದು ಚಿತ್ರ ತೂಗುಹಾಕಲು ಹೊರಟು ಇಡೀ ಮನೆಯನ್ನು ಕುಣಿಸುವ ಪ್ರಸಂಗವನ್ನು ಅನೇಕರು ಪಾಠವಾಗಿ ಓದಿದ್ದೇವೆ. ನಮ್ಮ ನಮ್ಮ ಮನೆಯ ಗಂಡಸರನ್ನು ನೆನೆದು ನಕ್ಕಿದ್ದೇವೆ. ಮೂವರು ಗೆಳೆಯರು, ಒಂದು ನಾಯಿ, ಥೇಮ್ಸ್ ಹೊಳೆಯಲ್ಲಿ ಹುಟ್ಟುಹಾಕಿಕೊಂಡು ಹೊರಟ ರಜೆಯ ಪ್ರವಾಸ. ನಮ್ಮ ಪುರವಣಿಗಳ ದೋಣಿ ಲೇಖನಗಳಿಗೆಲ್ಲ ಈ ಪುಸ್ತಕವೇ ಮುತ್ತಜ್ಜ ಎನ್ನಬಹುದು.

ಇದರ ನಗಿಸುವ ಶಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಕ್ಷೆ ಬಿಡಿಸಿಕೊಂಡು ಓದಿದರೆ ಒಂದು ವಿಷಯ ಕಾಣುತ್ತದೆ. ಥೇಮ್ಸಿನಲ್ಲಿ ಕಡಲಿನ ಉಬ್ಬರ ಲಂಡನ್ ನಗರವನ್ನು ಹಾದು ಟೆಡ್ಡಿಂಗ್ಟನ್ ಎಂಬಲ್ಲಿಯವರೆಗೆ ಬರುತ್ತದೆ. ಅಲ್ಲಿ ಹೊಳೆಗೆ ಅಡ್ಡಲಾಗಿ ಒಡ್ಡು ಇದೆ. ಜೆರೋಮನ ದೋಣಿ ಹೊರಡುವುದು ಕಿಂಗ್‌ಸ್ಟನ್ನಿನಿಂದ. ಅದು ಆ ಒಡ್ಡಿಗಿಂತ ಸ್ವಲ್ಪ ಮೇಲೆ. ಅಂದರೆ ಉಬ್ಬರ ಇಳಿತ ಮುಗಿದು, ಪಟ್ಟಣದ ಗಲೀಜೂ ಹಡಗುಕಟ್ಟೆಯ ಗಲಾಟೆಯೂ ಹಿಂದೆ ಉಳಿದ ಮೇಲೆ ಈ ಮಹನೀಯರ ಹೊಳೆ ಶುರುವಾಗುತ್ತದೆ. ನೀರು ತಮಗಾಗಿ ಕಾಯುತ್ತದೆ ಎಂಬ ಭರವಸೆ ಇರುವ ಕಡೆ ಅವರು ದೋಣಿ ಇಳಿಸಿದ್ದಾರೆ.

ಆ ಪುಸ್ತಕದಲ್ಲಿ ಹೆಂಗಸರು ಎಲ್ಲಿದ್ದಾರೆ ಎಂದು ಹುಡುಕಿದೆ. ಚಂದದ ಉಡುಪಿಗೆ ಒಂದು ಹನಿ ನೀರು ಸಿಡಿದರೆ ಮುದುಡಿಕೊಳ್ಳುವ ಹುಡುಗಿಯರಿದ್ದಾರೆ. ದಡದಲ್ಲಿ ನಡೆಯುತ್ತ ದೋಣಿಯ ಹಗ್ಗ ಎಳೆಯುವಾಗ ಹಗ್ಗವನ್ನೇ ಸಿಕ್ಕುಮಾಡಿಕೊಂಡು ನಗುವ ಹುಡುಗಿಯರಿದ್ದಾರೆ. ಮತ್ತೆ, ಗೋರಿಂಗ್ ಎಂಬ ಊರಿನ ಹತ್ತಿರ, ನೀರಿನಲ್ಲಿ ತೇಲಿಬಂದ ಒಬ್ಬಳ ಶವ ಇದೆ. ಮೋಸಹೋದವಳು, ಮನೆಯವರು ಹೊರಹಾಕಿದವಳು, ಕೂಸನ್ನು ಸಾಕಲು ವಾರಕ್ಕೆ ಹನ್ನೆರಡು ಶಿಲಿಂಗಿಗೆ ದುಡಿದವಳು. ಜೆರೋಮ್ ಅವಳ ಬಗ್ಗೆ ಮರುಕದಿಂದಲೇ ಬರೆಯುತ್ತಾನೆ. ಆದರೆ ಅಧ್ಯಾಯದ ತಲೆಯಲ್ಲಿ ಕೊಟ್ಟ ಸಾರಾಂಶದಲ್ಲಿ ಅದನ್ನೊಂದು ಸವೆದುಹೋದ ಕಥೆ ಎಂಬರ್ಥದಲ್ಲಿ ಹೆಸರಿಸುತ್ತಾನೆ. ಅದೇ ಅಧ್ಯಾಯದಲ್ಲಿ, ಅದಕ್ಕೆ ಸ್ವಲ್ಪ ಮೊದಲು, ಸ್ನೇಹಿತರ ಉಗಿದೋಣಿ ಇವರ ದೋಣಿಯನ್ನು ಎಳೆದುಕೊಂಡು ಹೋಗುತ್ತದೆ. ಅದುವರೆಗೆ ಉಗಿದೋಣಿಗಳನ್ನು ಕಂಡರೆ ಉರಿದುಬೀಳುತ್ತಿದ್ದವನಿಗೆ ಈಗ ದಾರಿಗೆ ಅಡ್ಡ ಬರುವ ಸಣ್ಣ ದೋಣಿಗಳ ಮೇಲೆಯೇ ಸಿಟ್ಟು! ಯಂತ್ರ ನಮ್ಮ ಕಡೆ ಇದ್ದಾಗ ನ್ಯಾಯವೂ ನಮ್ಮ ಕಡೆಯೇ ಇರುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ. ಜೆರೋಮ್ ತನ್ನನ್ನೇ ನೋಡಿ ನಗಬಲ್ಲವನು. ಆ ಮಟ್ಟಿಗೆ ಅವನ ಮೊಮ್ಮಕ್ಕಳಿಗಿಂತ ಅವನು ಎಷ್ಟೋ ವಾಸಿ.

ಟೆಡ್ಡಿಂಗ್ಟನ್ನಿನ ಕೆಳಗೆ, ಪಟ್ಟಣದ ನಡುವಿನ ಹೊಳೆಯನ್ನು ಬರೆದವನು ಡಿಕನ್ಸ್. 1864-65ರಲ್ಲಿ ಕಂತುಗಳಾಗಿ ಬಂದ 'ಅವರ್ ಮ್ಯೂಚುಯಲ್ ಫ್ರೆಂಡ್' ಕಾದಂಬರಿ ಶುರುವಾಗುವುದೇ ಲಂಡನ್ನಿನ ಎರಡು ಸೇತುವೆಗಳ ನಡುವೆ, ಕೊಳಕು ದೋಣಿಯೊಂದರಲ್ಲಿ. ಉಬ್ಬರ ತಿರುಗಿ ಒಂದು ಗಂಟೆಯಾಗಿದೆ, ನೀರು ಇಳಿಯುತ್ತಿದೆ. ತಂದೆ ನೀರಿನ ಸುಳಿಗಳನ್ನೇ ದಿಟ್ಟಿಸುತ್ತಿದ್ದಾನೆ. ಮುಳುಗಿ ಸತ್ತವರ ಹೆಣ ಹುಡುಕಿ ಜೇಬು ಬರಿದುಮಾಡುವುದು ಅವನ ಕಸುಬು. ಎರಡೂ ಹುಟ್ಟುಗಳನ್ನು ಹಿಡಿದು ದೋಣಿ ನಡೆಸುತ್ತಿರುವವಳು ಮಗಳು ಲಿಜ್ಜಿ, ಹತ್ತೊಂಬತ್ತಿಪ್ಪತ್ತರ ಹುಡುಗಿ. ಅವಳಿಗೆ ಆ ಕೆಲಸ ಹೇಸಿಗೆ. ಆದರೆ ಕೈಗೆ ಹೊಳೆ ಗೊತ್ತು. ಮುಂದೆ ಒಂದು ರಾತ್ರಿ, ಏಟು ತಿಂದು ಹೊಳೆಗೆ ಬಿದ್ದ ಯೂಜೀನ್ ಎಂಬವನನ್ನು ಅವಳು ದೋಣಿಗೆ ಎತ್ತಿಹಾಕಿ ಉಳಿಸುವುದು ಈ ಕೈಗಳಿಂದಲೇ. ಬೇಡದ ಬದುಕು ಕಲಿಸಿಕೊಟ್ಟ ವಿದ್ಯೆ ಬೇಕಾದ ಹೊತ್ತಿಗೆ ಒದಗುತ್ತದೆ. ಅಡಿಗೆ, ಬಾಣಂತನ, ಕಾಯಿಲೆಯವರ ಆರೈಕೆ ಎಂದು ಒಲ್ಲದ ಮನಸ್ಸಿನಿಂದಲೇ ಎಷ್ಟೋ ಕಲಿತ ನಮಗೆ ಲಿಜ್ಜಿ ಅರ್ಥವಾಗಲು ವ್ಯಾಖ್ಯಾನ ಬೇಕಿಲ್ಲ. ಡಿಕನ್ಸ್ ಕೊನೆಗೆ ಅವಳನ್ನು ಆ ದೊಡ್ಡಮನುಷ್ಯನ ಹೆಂಡತಿಯನ್ನಾಗಿ ಮಾಡಿ ಕೈತೊಳೆದುಕೊಂಡ ಎಂಬ ಆಕ್ಷೇಪ ನನಗಿದೆ. ಆದರೂ ಅವನ ಹೊಳೆಯಲ್ಲಿ ನೀರು ಇಳಿಯುತ್ತದೆ, ಇಳಿದಾಗ ತಳದಲ್ಲಿರುವುದು ಕಾಣುತ್ತದೆ.

ನಮ್ಮ ಕಡೆಯ ಪುಸ್ತಕಕ್ಕೆ ಬಂದರೆ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಇದ್ದೇ ಇದೆ. ಅದು ದೋಣಿಯ ಕಾದಂಬರಿಯಲ್ಲ ನಿಜ. ಆದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಕೋಡಿಯಲ್ಲಿ ಮೂರು ತಲೆಮಾರು ಬದುಕಿದವರ ಕತೆಯಲ್ಲಿ ನೀರನ್ನು ಮರೆತು ಒಂದು ಪುಟ ದಾಟುವುದು ಕಷ್ಟ. ಅಲ್ಲಿ ನೀರು ಏರುವುದೂ ಇಳಿಯುವುದೂ ಗದ್ದೆಯ ಲೆಕ್ಕ, ಹೊಟ್ಟೆಯ ಲೆಕ್ಕ. ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ, ಇವರ ದುಡಿಮೆಯ ಮೇಲೆ ಐತಾಳರ ಮನೆ ನಿಂತಿದೆ. ವಿಹಾರಕ್ಕೆಂದು ನೀರಿಗೆ ಇಳಿದವರು ಅವರಲ್ಲಿ ಯಾರೂ ಅಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ನಮ್ಮ ಹಿರಿಯರಿಗೂ ದೋಣಿ ಎಂದರೆ ಕಡವು ದಾಟುವ ದಾರಿ. ಉಡುಪಿಯಿಂದ ಮಂಗಳೂರಿಗೆ ಹೊರಟರೆ ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರು ಎಂದು ಹೊಳೆಯ ಮೇಲೆ ಹೊಳೆ. ನಮ್ಮ ದೊಡ್ಡಮ್ಮ ತವರಿಗೆ ಹೋಗಿಬರುವ ಮಾತು ಬಂದರೆ ಈಗಲೂ ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ, ಎಷ್ಟು ಕಡವು ಎಂದು ಹೇಳುತ್ತಾರೆ.

ಇಷ್ಟೆಲ್ಲ ಓದಿಕೊಂಡಿದ್ದ ನನಗೆ ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಪರಿಚಯದವರೊಬ್ಬರ ಮೋಟಾರು ದೋಣಿಯಲ್ಲಿ ಹೋಗುವ ಅವಕಾಶ ಬಂತು. ಸುಲ್ತಾನ್ ಬತ್ತೇರಿಯಿಂದ ಹೊರಟೆವು. ಗುರುಪುರ ಹೊಳೆ ಅಲ್ಲಿ ಕಡಲಿಗೆ ಸಮಾನಾಂತರವಾಗಿ ತೆಂಕಿಗೆ ಹರಿಯುತ್ತದೆ. ಬಲಗಡೆ ತಣ್ಣೀರುಬಾವಿ, ಬೆಂಗ್ರೆ. ಎಡಗಡೆ ಬೋಳೂರು, ಬೊಕ್ಕಪಟ್ಣ, ಹಳೆ ಬಂದರು. ರಸ್ತೆಯಿಂದ ನೋಡಿದ ಮಂಗಳೂರಿಗೂ ನೀರಿನಿಂದ ನೋಡಿದ ಮಂಗಳೂರಿಗೂ ಸಂಬಂಧವೇ ಇಲ್ಲ. ಹೊಳೆಯ ಕಡೆಗೆ ಪಟ್ಟಣ ಬೆನ್ನು ಹಾಕಿ ಕೂತಿದೆ. ಬಂದರಿನ ದಕ್ಕೆಯಿಂದ ಬೆಂಗ್ರೆಗೆ ಹೋಗುವ ಜನರ ದೋಣಿ ನಮ್ಮ ಮುಂದೆ ದಾಟಿತು. ಚೀಲ ಹಿಡಿದ ಹೆಂಗಸರು, ಶಾಲೆಯ ಮಕ್ಕಳು. ಅಳಿವೆಯ ಹತ್ತಿರ ತಿರುಗಿ ನೇತ್ರಾವತಿಗೆ ಹೊಕ್ಕೆವು. 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದ್ದು ಈ ಹೊಳೆಯ ದಂಡೆಯ ಜೆಪ್ಪುವಿನಲ್ಲಿ. ಮಣ್ಣು ಬಂದದ್ದು ದೋಣಿಯಲ್ಲಿ, ಹಂಚು ಹೋದದ್ದು ದೋಣಿಯಲ್ಲಿ. ನಡುವೆ ಕಾರ್ಖಾನೆಯಲ್ಲಿ ಹೊತ್ತವರಲ್ಲಿ, ಜೋಡಿಸಿದವರಲ್ಲಿ ಹೆಂಗಸರು ಎಷ್ಟೋ ಜನ.

ಸೇತುವೆ ದಾಟಿ ಸ್ವಲ್ಪ ಮೇಲೆ ಹೋದಾಗ ದೋಣಿಯ ತಳ ಮರಳಿಗೆ ಕಚ್ಚಿಕೊಂಡಿತು. ಹುಣ್ಣಿಮೆಯ ಮರುದಿನ, ನೀರು ವೇಗವಾಗಿ ಇಳಿಯುತ್ತಿತ್ತು. ಯಂತ್ರವನ್ನು ಎಷ್ಟು ತಿರುಗಿಸಿದರೂ ಬರೀ ಕೆಸರು ಎದ್ದಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಕೂತೆವು. ಆ ಒಂದು ಗಂಟೆಯಲ್ಲಿ ಹೊಳೆ ಬೇರೆಯೇ ಆಯಿತು. ನೀರಿನಡಿಯಿಂದ ದಿಣ್ಣೆಗಳು ಎದ್ದವು. ಪಟ್ಟಣ ಹೊಳೆಗೆ ಎಸೆದ ಚೀಲ, ಬಾಟಲಿ, ಹರಿದ ಬಲೆ ಕಂಡವು. ನಾವು ಪ್ರವಾಸಿಗರು ಮೂಗು ಮುಚ್ಚಿಕೊಂಡ ಆ ಹೊತ್ತಿಗೆ ಸರಿಯಾಗಿ ನಾಲ್ಕೈದು ಹೆಂಗಸರು ಸೀರೆ ಎತ್ತಿ ಕಟ್ಟಿ, ಸೊಂಟಮಟ್ಟದ ನೀರಿನಲ್ಲಿ ಬಂದು ಮರುವಾಯಿ ಹೆಕ್ಕತೊಡಗಿದರು. ನಮಗೆ ಕೆಟ್ಟ ಹೊತ್ತು, ಅವರಿಗೆ ಕೆಲಸದ ಹೊತ್ತು. ಅವರಲ್ಲಿ ಒಬ್ಬರು ನಮ್ಮ ಅವಸ್ಥೆ ನೋಡಿ, "ಇನ್ನು ನೀರು ಏರುವವರೆಗೆ ಕೂತುಕೊಳ್ಳಿ. ಆಮೇಲೆ ಆ ಗೂಟದ ಎಡಬದಿಯಿಂದ ಹೋಗಿ, ಅಲ್ಲಿ ಆಳ ಉಂಟು" ಎಂದರು. ಇನ್ನೊಬ್ಬರು, "ಹೋಗುವಾಗ ಮೆಲ್ಲ ಹೋಗಿ ಆಯ್ತಾ, ಜೋರು ಹೋದರೆ ನಮ್ಮ ಬುಟ್ಟಿ ಮಗಚುತ್ತದೆ" ಎಂದರು. ಹಾಗೆ ಎಷ್ಟು ಸಲ ಮಗಚಿದೆಯೋ. ನೀರು ಏರಿದ ಮೇಲೆ ಗೂಟದ ಎಡಬದಿಯಿಂದಲೇ ಹೊರಬಂದೆವು.

ಕೆಲವು ವಾರಗಳ ನಂತರ ಆ ದೋಣಿಯಲ್ಲಿದ್ದ ಒಬ್ಬರು ಬರೆದ ಲೇಖನ ಓದಿದೆ. ಭಾಷೆ ಸೊಗಸಾಗಿತ್ತು. ಹದ್ದು ಇತ್ತು, ಬಂಗುಡೆ ಇತ್ತು, ಸೂರ್ಯಾಸ್ತ ಇತ್ತು. ಮರಳಿಗೆ ಕಚ್ಚಿಕೊಂಡ ಗಂಟೆ ಮಾತ್ರ ಇರಲಿಲ್ಲ. ನಮ್ಮನ್ನು ದಾಟಿಸಿದ ಮಾತು ಹೇಳಿದ ಹೆಂಗಸು ಆ ಗಂಟೆಯ ಜೊತೆಗೇ ಹೋಗಿದ್ದರು. ಇದು ಒಬ್ಬರ ಮರೆವು ಎಂದು ನಾನು ತಿಳಿದಿಲ್ಲ. ಈ ಬಗೆಯ ಬರಹದ ಕಟ್ಟುವಿಕೆಯೇ ಹಾಗೆ. ದೋಣಿಯ ಒಡೆಯನಿಗೆ ಅಡಚಣೆಯಾದದ್ದೆಲ್ಲ ಬಿಟ್ಟುಹೋಗುತ್ತದೆ, ಬಿಟ್ಟದ್ದರಲ್ಲಿ ಹೊಳೆಯ ಜನವೆಲ್ಲ ಇರುತ್ತಾರೆ.

ಹೀಗೆಂದ ಮಾತ್ರಕ್ಕೆ ಮೋಟಾರು ದೋಣಿ ಬೇಡ, ವಿಹಾರ ಬೇಡ ಎಂದು ನಾನು ಹೇಳುತ್ತಿಲ್ಲ. ನೀರಿನ ಮೇಲೆ ಹೋಗುವ ಸುಖ ದೊಡ್ಡದು, ಆ ಮಧ್ಯಾಹ್ನ ನನಗೂ ಅದು ಸಿಕ್ಕಿತು. 1917ರ ಹಳೆಯ ಕಾಯಿದೆಯ ಜಾಗದಲ್ಲಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂದು, ಯಂತ್ರ ಹಾಕಿದ ದೋಣಿಗೆ ತಪಾಸಣೆ, ನೋಂದಣಿ ಎಂದು ಕ್ರಮ ಹಾಕಿದೆ, ಅದು ಒಳ್ಳೆಯದೇ. ನಮ್ಮ ಹುಡುಗಿಯರು ದೋಣಿಯ ಹಿಂಬದಿಯಲ್ಲಿ ಕೂತು ಯಂತ್ರ ನಡೆಸುವುದನ್ನು ಕಲಿಯಲಿ ಎಂದೂ ನನಗೆ ಆಸೆ. ಲಿಜ್ಜಿಗೆ ಹಸಿವು ಕಲಿಸಿದ್ದನ್ನು ಇವರು ಖುಷಿಯಿಂದ ಕಲಿತರೆ ತಪ್ಪೇನು?

ಬರಹದ ವಿಷಯಕ್ಕೆ ಬಂದಾಗ ಮಾತ್ರ ನಾನೊಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ಹೊಳೆಯ ಬಗ್ಗೆ ಯಾರೇ ಬರೆದದ್ದು ಕೈಗೆ ಬಂದರೂ ಮೊದಲು ನೋಡುವುದು, ಇದರಲ್ಲಿ ನೀರು ಇಳಿಯುತ್ತದೆಯೇ ಅಂತ. ಇಳಿದರೆ ತಳ ಕಾಣುತ್ತದೆ. ತಳದಲ್ಲಿ ಕೆಲಸ ಮಾಡುವವರು ಕಾಣುತ್ತಾರೆ. ಅವರು ಬರೆಯುವವನಿಗಿಂತ ಹೆಚ್ಚು ತಿಳಿದವರು ಎಂಬುದೂ ಕಾಣಬಹುದು. ಜೆರೋಮನಲ್ಲಿ ಇಳಿಯುವುದಿಲ್ಲ, ಡಿಕನ್ಸನಲ್ಲಿ ಇಳಿಯುತ್ತದೆ, ಕಾರಂತರಲ್ಲಿ ಇಳಿದು ಗದ್ದೆಯವರೆಗೆ ಬರುತ್ತದೆ. ಮರುವಾಯಿ ಹೆಕ್ಕುವವರ ಕಡೆಯಿಂದ, ಅವರ ಲೆಕ್ಕದ ತಿಥಿ ಹಿಡಿದು ಈ ಹೊಳೆಗಳನ್ನು ಬರೆದ ಪುಸ್ತಕ ನನ್ನ ಕಪಾಟಿನಲ್ಲಿ ಇನ್ನೂ ಇಲ್ಲ. ಉದ್ಯಾವರದಲ್ಲೋ ಬೆಂಗ್ರೆಯಲ್ಲೋ ಶಾಲೆ ಮುಗಿಸಿದ ಯಾವಳೋ ಒಬ್ಬಳು ಅದನ್ನು ಬರೆದಾಳು. ಅವಳಿಗಾಗಿ ಒಂದಿಷ್ಟು ಜಾಗ ಬಿಟ್ಟಿದ್ದೇನೆ.