ಬೆನ್ನಿಗೆ ಗಾಳಿ, ಪಕ್ಕಕ್ಕೆ ಕೆರೆ

ಒಡೆಯರಪಾಳ್ಯಕ್ಕೆ ಸೈಕಲ್ ತುಳಿದು ಹತ್ತುವವರ ಮೇಲೆ ನನಗೆ ಗೌರವವಿದೆ, ಅಸೂಯೆ ಮಾತ್ರ ಇಲ್ಲ. ಬಿಗಿ ಚಡ್ಡಿ, ಕಪ್ಪು ಕನ್ನಡಕ, ಎದೆಬಡಿತ ಎಣಿಸುವ ಗಡಿಯಾರದೊಂದಿಗೆ ಬೆಂಗಳೂರು ಮೈಸೂರಿನಿಂದ ಬಂದು, ಕೊಳ್ಳೇಗಾಲ ದಾಟಿ, ಲೊಕ್ಕನಹಳ್ಳಿ ಹಾದು ಏದುಸಿರು ಬಿಡುತ್ತ ಮೇಲೆ ಮುಟ್ಟುತ್ತಾರೆ. ಟಿಬೆಟನ್ನರ ಹೋಟೆಲಿನಲ್ಲಿ ಮೊಮೊ ತಿನ್ನುವಾಗಲೂ ಮಾತೆಲ್ಲ ಎಷ್ಟು ಮೀಟರ್ ಏರಿದೆವು, ಎಷ್ಟು ನಿಮಿಷ ಉಳಿಸಿದೆವು ಎಂಬುದರ ಮೇಲೆಯೇ. ದಾರಿಯಲ್ಲಿ ಗುಂಡಾಲ್ ಜಲಾಶಯ ತುಂಬಿತ್ತೋ ಬತ್ತಿತ್ತೋ ಕೇಳಿ ನೋಡಿ, ಒಬ್ಬರೂ ಸರಿಯಾಗಿ ಹೇಳಲಾರರು.

ನಾನು ಸೈಕಲನ್ನು ಲಗೇಜ್ ಆಟೋಗೆ ಹಾಕಿ ಮೇಲಕ್ಕೆ ಸಾಗಿಸಿ, ಅಲ್ಲಿಂದ ಕೆಳಗಿಳಿಯುವ ಪಂಗಡದವನು. ಇದು ಮೋಸವೆಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಕಾವೇರಿಗೂ ಬಿಳಿಗಿರಿರಂಗನ ಬೆಟ್ಟಕ್ಕೂ ನಡುವೆ ಹಾಸಿಕೊಂಡಿರುವ ಕೊಳ್ಳೇಗಾಲ, ಯಳಂದೂರಿನ ಗದ್ದೆ ಬಯಲಿನ ಸವಾರಿಯೆಂದರೆ ಬೆಟ್ಟದ ಮೇಲಿನ ಚಪ್ಪಟೆ ನೆಲದಿಂದ ಶುರುವಾಗಿ, ಇಳಿಜಾರಿನಲ್ಲಿ ಜಾರಿ, ಕೆರೆ ಏರಿಗಳ ಮೇಲೆ ಮುಗಿಯಬೇಕಾದ ದಾರಿ. ನೀರು ಹರಿದ ದಿಕ್ಕಿನಲ್ಲೇ ಸೈಕಲ್ಲೂ ಹೋದರೆ ತಪ್ಪೇನು?

ಮೇಲಿನ ಒಡೆಯರಪಾಳ್ಯಕ್ಕೇ ಒಂದು ಬೆಳಗು ಸಾಲದು. 1973–74ರ ಸುಮಾರಿಗೆ ಇಲ್ಲಿ ನೆಲೆ ನಿಂತ ಧೊಂಡೆನ್‌ಲಿಂಗ್ ಎಂಬ ಟಿಬೆಟನ್ ನಿರಾಶ್ರಿತರ ಶಿಬಿರದ 22 ಊರುಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು. ಎ ಇಂದ ವಿ ವರೆಗೆ. ಊರೂರಿನ ನಡುವೆ ಮುಸುಕಿನ ಜೋಳದ ಹೊಲ, ಹೊಲದ ನಡುವೆ ಸಣ್ಣ ರಸ್ತೆ. ಏರಿಳಿತ ಕಾಲಿಗೆ ಗೊತ್ತಾಗುವಷ್ಟಿದೆ, ನೋಯುವಷ್ಟಿಲ್ಲ. ಕಾಲು ಪಳಗಿಸಲು ಹೇಳಿ ಮಾಡಿಸಿದ ಜಾಗ. ಜೊಗ್‌ಚೆನ್ ಗೊಂಪದ ಎದುರು ಸೈಕಲ್ ನಿಲ್ಲಿಸಿದರೆ ಜಪಚಕ್ರ ತಿರುಗಿಸುತ್ತ ಪ್ರದಕ್ಷಿಣೆ ಹಾಕುವ ಅಜ್ಜಿಯರು ಸಿಗುತ್ತಾರೆ. ಅವರ ನಡಿಗೆಯ ವೇಗವನ್ನು ನೋಡಿ ಕಲಿಯುವುದು ಒಳ್ಳೆಯದು. ನಾನು ಹೇಳಹೊರಟ ಸವಾರಿಗೂ ಅದೇ ಲಯ ಬೇಕು. ಜೋಳ ತೆನೆ ಕಟ್ಟಿದ ಕಾಲಕ್ಕೆ ಆನೆಗಳೂ ಬರುವುದುಂಟು. ಆದ್ದರಿಂದ ಬಿಸಿಲು ಬಿದ್ದ ಮೇಲೆಯೇ ಹೊರಡುವುದು, ಸೂರ್ಯ ಇಳಿಯುವ ಮುನ್ನ ಊರು ಸೇರುವುದು. ಹಾಸನೂರಿನ ಕಡೆಯ ಕಾಡುರಸ್ತೆಯನ್ನು ಸೈಕಲ್ಲಿನ ಮಟ್ಟಿಗೆ ಮರೆತುಬಿಡಿ.

ಟಿಬೆಟನ್ನರನ್ನೂ ಸೈಕಲ್ಲನ್ನೂ ಒಟ್ಟಿಗೆ ನೆನೆದರೆ ಡರ್ವ್ಲಾ ಮರ್ಫಿ ಎಂಬ ಐರಿಷ್ ಹೆಂಗಸು ನೆನಪಾಗುತ್ತಾಳೆ. 1963ರ ಚಳಿಗಾಲದಲ್ಲಿ ಯುರೋಪಿನಿಂದ ಒಂಟಿಯಾಗಿ ಹೊರಟು, ಪರ್ಷಿಯ, ಆಫ್ಘಾನಿಸ್ತಾನ, ಪಾಕಿಸ್ತಾನ ಹಾದು ದೆಹಲಿ ಮುಟ್ಟಿದಳು. ಸೈಕಲ್ಲಿಗೆ ಡಾನ್ ಕಿಹೋಟೆಯ ಬಡಕಲು ಕುದುರೆಯ ಹೆಸರಿಟ್ಟಿದ್ದಳು. ದೆಹಲಿ ಮುಟ್ಟಿದ್ದನ್ನೇ ಸಾಧನೆಯೆಂದು ಹೇಳಿಕೊಂಡು ತಿರುಗದೆ, ಧರ್ಮಶಾಲೆಗೆ ಹೋಗಿ ನಿರಾಶ್ರಿತ ಟಿಬೆಟನ್ ಮಕ್ಕಳ ಆರೈಕೆಗೆ ನಿಂತಳು. ಹತ್ತು ವರ್ಷದ ಮೇಲೆ ಐದರ ವಯಸ್ಸಿನ ಮಗಳನ್ನು ಕಟ್ಟಿಕೊಂಡು ನಮ್ಮ ಕೊಡಗಿಗೂ ಬಂದು ತಿಂಗಳುಗಟ್ಟಲೆ ಇದ್ದಳು, ಆ ಸಲ ಸೈಕಲ್ ಇರಲಿಲ್ಲ. ಒಡೆಯರಪಾಳ್ಯದಲ್ಲಿ ಟಿಬೆಟನ್ನರು ಕಲ್ಲು ಮುಳ್ಳು ಕಿತ್ತು ಹೊಲ ಮಾಡಿಕೊಳ್ಳುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ. ಅವಳ ಬರಹದಲ್ಲಿ ನನಗೆ ಹಿಡಿಸುವುದು ದೂರದ ಲೆಕ್ಕವಲ್ಲ. ಎಲ್ಲಿ ಯಾರು ಟೀ ಕೊಟ್ಟರು, ಯಾರ ಮನೆಯ ಜಗಲಿಯಲ್ಲಿ ಮಲಗಿದಳು ಎಂಬ ಲೆಕ್ಕ.

ಇಳಿಯುವಾಗ ಒಂದೇ ಎಚ್ಚರ, ಬ್ರೇಕನ್ನು ಒಂದೇ ಸಮನೆ ಹಿಡಿದಿರಬಾರದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬರಬೇಕು; ಇಲ್ಲದಿದ್ದರೆ ರಿಮ್ ಕಾಯುತ್ತದೆ, ರಬ್ಬರು ಸವೆಯುತ್ತದೆ. ಕಂಬಿ ಬ್ರೇಕಿನ ಹಳೆಯ ಸೈಕಲ್ಲಾದರೆ ಮಳೆ ಬಿದ್ದ ದಿನ ಇಳಿದು ತಳ್ಳುವುದೇ ಮರ್ಯಾದೆ. ಇಷ್ಟು ಸಾಕು, ಇಳಿಜಾರಿನ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ರುಚಿ ಇರುವುದು ಕೆಳಗೆ.

ಕೆರೆ ಏರಿ ಮತ್ತು ನಾಲೆ ಏರಿ: ಸೈಕಲ್ಲಿಗೆಂದೇ ಯಾರೋ ಮುಂದಾಲೋಚನೆಯಿಂದ ಕಟ್ಟಿದಂತಿವೆ ಇವು. ಕಾರಣ ಸರಳ. ಏರಿ ಎಂದರೆ ಎರಡು ದಿಣ್ಣೆಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಒಡ್ಡು. ಅದರ ನೆತ್ತಿ ಮಟ್ಟವಾಗಿರದಿದ್ದರೆ ತುಂಬಿದ ಕೆರೆ ತಗ್ಗಾದ ಕಡೆಯಿಂದಲೇ ಒಡೆದುಕೊಂಡು ಹೋದೀತು. ನಾಲೆಯ ಲೆಕ್ಕ ಇನ್ನೂ ಸೂಕ್ಷ್ಮ. ನೀರು ನಿಲ್ಲಲೂ ಬಾರದು, ದಡ ಕೊರೆಯಲೂ ಬಾರದು, ಹಾಗಾಗಿ ಕಿಲೋಮೀಟರಿಗೆ ಗೇಣೋ ಎರಡು ಗೇಣೋ ಇಳುಕಲು ಇಟ್ಟಿರುತ್ತಾರೆ. ಕಣ್ಣಿಗೆ ಕಾಣದ ಆ ಇಳುಕಲು ಕಾಲಿಗೂ ಗೊತ್ತಾಗುವುದಿಲ್ಲ, ಆದರೆ ಎದುರಿಗೆ ದಿಣ್ಣೆಯೆಂಬುದು ಬರುವುದೇ ಇಲ್ಲ. ಕೊಳ್ಳೇಗಾಲದ ದೊಡ್ಡ, ಚಿಕ್ಕ ರಂಗನಾಥನ ಕೆರೆಗಳು, ಕೊಂಗಳ ಕೆರೆ, ಕುಂತೂರು ಕೆರೆ, ಆಚೆ ಯಳಂದೂರು, ಅಗರದ ಕೆರೆಗಳು, ಇವನ್ನೆಲ್ಲ ಒಂದು ದಾರದಲ್ಲಿ ಪೋಣಿಸಿಕೊಂಡು ಹೋಗುವುದೇ ಈ ಸೀಮೆಯ ಸವಾರಿ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಆಳೆತ್ತರ ಕೆಳಗೆ ಅಚ್ಚುಕಟ್ಟಿನ ಭತ್ತ. ಕರಾವಳಿಯವರು ಮರವಂತೆಯಲ್ಲಿ ಈ ಕಡೆ ಸಮುದ್ರ ಆ ಕಡೆ ಸೌಪರ್ಣಿಕೆ ಎಂದು ಹೆಮ್ಮೆಪಡುತ್ತಾರೆ, ನಿಜ. ಆದರೆ ಅಲ್ಲಿ ನಡುವೆ ಇರುವುದು ಹೆದ್ದಾರಿ. ಉಡುಪಿಯ ಕೋಡಿಬೆಂಗ್ರೆಯ ಕಿರುದಾರಿಯಾದರೆ ಸರಿ, ಅದಕ್ಕೆ ನಾನು ತಲೆಬಾಗುತ್ತೇನೆ. ಅಲ್ಲಿನ ಬೆವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನನ್ನ ಓಟು ಕುಂತೂರಿಗೇ.

ಇನ್ನು ಗಾಳಿ. ಬಯಲಿನಲ್ಲಿ ದಿಣ್ಣೆಯ ಕೆಲಸವನ್ನು ಗಾಳಿ ಮಾಡುತ್ತದೆ. ಆಷಾಢದಲ್ಲಿ ಪಡುವಣದಿಂದ, ನೈಋತ್ಯದಿಂದ ಬೀಸುವ ಗಾಳಿ ಇಲ್ಲಿ ಮಳೆಯನ್ನು ಹೆಚ್ಚು ತರುವುದಿಲ್ಲ, ತೆಂಗಿನ ಸೋಗೆಗಳನ್ನು ಮಾತ್ರ ಒಂದೇ ದಿಕ್ಕಿಗೆ ಬಾಚಿಬಿಡುತ್ತದೆ. ಆಗ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರಬೇಕು, ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗಬಾರದು. ಮಾರ್ಗಶಿರ, ಪುಷ್ಯದಲ್ಲಿ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ, ಸವಾರನೂ ತಿರುಗಬೇಕು. ಇಷ್ಟು ಗೊತ್ತಿರುವವನಿಗೆ 10 ಗೇರಿನ ಸೈಕಲ್ ಬೇಕಾಗುವುದಿಲ್ಲ.

ನಿಧಾನಕ್ಕೂ ಒಂದು ಲೆಕ್ಕವಿದೆ, ಅದು ಸೋಮಾರಿತನವಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 12 ಕಿಲೋಮೀಟರ್ ಹೋಗುವವನು 24ಕ್ಕೆ ಏರಿಸಿದರೆ ಎದುರಿನ ಗಾಳಿ ನಾಲ್ಕು ಪಟ್ಟು ತಳ್ಳುತ್ತದೆ, ಆ ಗಾಳಿಯನ್ನು ಸೀಳಲು ಕಾಲು ಎಂಟು ಪಟ್ಟು ದುಡಿಯಬೇಕು. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಸಾದಾ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸುಮಾರು ಐದೂವರೆ ಮೀಟರ್ ಸಾಗುತ್ತೇವೆ. ನಿಮಿಷಕ್ಕೆ 40 ಸುತ್ತು ತುಳಿದರೂ ಗಂಟೆಗೆ 13 ಕಿಲೋಮೀಟರ್ ಆಯಿತು. ಆ ಲಯದಲ್ಲಿ ಉಸಿರು ಹತ್ತುವುದಿಲ್ಲ, ಮಾತಾಡಬಹುದು, ಹಾಡಿಕೊಳ್ಳಲೂಬಹುದು. ಏರಿಯ ಮೇಲೆ ಹುಲ್ಲು ಕೊಯ್ಯುವವರು "ಯಾವೂರ್ಗ ಸಾ? ಬೈಕ್ ಇಲ್ವ?" ಎಂದು ಕೇಳಿದರೆ ನಿಂತು ಉತ್ತರ ಹೇಳಬಹುದು. ಬೈಕಿನವನನ್ನು ಹಾಗೆ ಯಾರೂ ಕೇಳುವುದಿಲ್ಲ.

ಸಾದಾ ಸೈಕಲ್ ಇಲ್ಲಿ ಹುಡುಕಬೇಕಾಗಿಯೂ ಇಲ್ಲ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು, ಕೋವಿಡ್ ಕಾಲಕ್ಕೆ ಅದು ನಿಂತಿತು. ಆಗ ಬಂದ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ತಿರುಗುತ್ತಿವೆ. ಓದಿದ ಹುಡುಗಿ ಮದುವೆಯಾಗಿ ಹೋದ ಮೇಲೆ ಅಪ್ಪ ಕ್ಯಾರಿಯರ್ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಬರುತ್ತಾನೆ. ಕೊಳ್ಳೇಗಾಲದ ರೇಷ್ಮೆ ಸೀರೆಯ ಹಿಂದೆ ಎಲ್ಲೋ ಒಂದು ಕಡೆ ಈ ಸೈಕಲ್ಲೂ ಉಂಟು. ಬಿಗಿ ಚಡ್ಡಿಯ ಗೆಳೆಯರು ಕಾರ್ಬನ್ ಫೈಬರ್ ಎಷ್ಟು ಗ್ರಾಂ ತೂಗುತ್ತದೆಂದು ವಾದಿಸುವಾಗ ನನಗೆ ಆ ಸೊಪ್ಪಿನ ಹೊರೆ ನೆನಪಾಗಿ ನಗು ಬರುತ್ತದೆ.

ದಾರಿಗಳ ವಿಷಯ. ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿ ಕೊಳ್ಳೇಗಾಲ, ಯಳಂದೂರನ್ನು ಹಾದೇ ಹೋಗುತ್ತದೆ. ಅದನ್ನು ದಾಟಲು ಮಾತ್ರ ಬಳಸಿ. ಹೊಳೆ ನೋಡಬೇಕೆಂದರೆ ಮುಳ್ಳೂರು, ಹಂಪಾಪುರ, ದಾಸನಪುರದ ಕಡೆ ತಿರುಗಬಹುದು. ಕಬಿನಿ, ಕೃಷ್ಣರಾಜಸಾಗರ ತುಂಬಿ ನೀರು ಬಿಟ್ಟ ವರ್ಷ ಈ ಊರುಗಳ ಗದ್ದೆ, ಬೀದಿ ಎಲ್ಲ ಕಾವೇರಿಯ ಪಾಲು. 2018, 2019ರ ನೆರೆ ಅಲ್ಲಿನವರ ಬಾಯಲ್ಲಿ ಇನ್ನೂ ಹಸಿಯಾಗಿದೆ. ಆದ್ದರಿಂದ ಶ್ರಾವಣದಲ್ಲಿ ಬೇಡ. ಕಾರ್ತಿಕ ಕಳೆದ ಮೇಲೆ ಹೋದರೆ ಹೊಳೆ ಸೌಮ್ಯ. ಯಳಂದೂರಿನಲ್ಲಿ ಗೌರೀಶ್ವರ ಗುಡಿಯ ಬಳೆಮಂಟಪದ ಮುಂದೆ ಇಳಿಯದೆ ಹೋಗಬೇಡಿ, ಕಲ್ಲನ್ನೇ ಬಳೆ ಮಾಡಿ ಸರಪಳಿಯಾಗಿ ಕೊರೆದು ಇಳಿಬಿಟ್ಟಿದ್ದಾರೆ. 1807ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು ಇದು. ಕೊಳ್ಳೇಗಾಲವೋ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಅಂದರೆ ಅಂದಿನ ಸೈಕಲ್ ಸವಾರ ಬೆಳಗಿನ ತಿಂಡಿ ಒಂದು ರಾಜ್ಯದಲ್ಲಿ, ಕಾಫಿ ಇನ್ನೊಂದು ರಾಜ್ಯದಲ್ಲಿ ಮುಗಿಸುತ್ತಿದ್ದ, ಮಧ್ಯೆ ಸುವರ್ಣಾವತಿಯ ಸೀಮೆಯ ಗದ್ದೆಗಳು.

ಸುಗ್ಗಿಯಲ್ಲಿ ಒಂದು ಉಪದ್ರವ ಇದೆ. ಹುರುಳಿ, ರಾಗಿಯನ್ನು ರಸ್ತೆಗೇ ಹರಡಿರುತ್ತಾರೆ, ಒಕ್ಕಣೆಯನ್ನು ಲಾರಿ ಬಸ್ಸುಗಳಿಗೆ ವಹಿಸಿ ರೈತ ಮರದಡಿ ಕೂತಿರುತ್ತಾನೆ. ಕಾರಿನವನು ಬೈದುಕೊಂಡು ದಾಟುತ್ತಾನೆ. ಸೈಕಲ್ಲಿನವನಿಗೆ ಹುರುಳಿ ಬಳ್ಳಿ ಫ್ರೀವೀಲಿಗೆ ಸುತ್ತಿಕೊಂಡರೆ ಅರ್ಧ ಗಂಟೆಯ ಕೆಲಸ. ಇಳಿದು, ಎತ್ತಿಕೊಂಡು, ಅಂಚಿನಲ್ಲಿ ನಡೆಯುವುದೇ ಉಪಾಯ. ನಡೆದರೆ ಕಣದವರು ಸುಮ್ಮನೆ ಕಳಿಸುವುದೂ ಇಲ್ಲ, ನೀರು ಮಜ್ಜಿಗೆಯಾದರೂ ಸಿಗುತ್ತದೆ. ಊಟದ ಹೊತ್ತಾಗಿದ್ದರೆ ಮುದ್ದೆ, ಉಪ್ಪುಸಾರು. ಈ ಸೀಮೆಯ ಉಪ್ಪುಸಾರಿಗೂ ಸೈಕಲ್ ತುಳಿದು ಬಂದ ಹಸಿವಿಗೂ ಎಂಥ ಹೊಂದಾಣಿಕೆ ಎಂದರೆ, ಬೇರೆ ಯಾವ ಶಕ್ತಿವರ್ಧಕ ಪುಡಿಯನ್ನೂ ನಾನು ಶಿಫಾರಸು ಮಾಡಲಾರೆ.

ಹಕ್ಕಿ ನೋಡುವವರಿಗೂ ಸೈಕಲ್ಲೇ ಸರಿ, ಸದ್ದಿಲ್ಲ. ನಾಮದ ಕೋಳಿ, ನೀರುಕಾಗೆ, ಗುಳುಮುಳುಕ ಯಾವ ಕೆರೆಯಲ್ಲೂ ಸಿಗುತ್ತವೆ. ಚಳಿಗಾಲದಲ್ಲಿ ಇನ್ನೂ ಪಶ್ಚಿಮಕ್ಕೆ, ತಿ. ನರಸೀಪುರದ ಕಗ್ಗಲೀಪುರ, ನಂಜನಗೂಡಿನ ಹದಿನಾರು ಕೆರೆಗಳ ತನಕ ಹೋಗುವ ಉಮೇದಿದ್ದರೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬಹುದು. ಮಂಗೋಲಿಯ, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಅದು. ಒಡೆಯರಪಾಳ್ಯದ ಅಜ್ಜಿಯರ ಊರಿನದೇ. ಹಗಲೆಲ್ಲ ಕೆರೆಯಲ್ಲಿ ತೂಕಡಿಸಿ ಸಂಜೆಗೆ ಗದ್ದೆಗೆ ಮೇಯಲು ಏಳುವುದರಿಂದ ಮಧ್ಯಾಹ್ನದ ಸವಾರನಿಗೆ ನಿರಾಸೆಯಿಲ್ಲ.

ಇತ್ತೀಚೆಗೆ ಕೆಲವು ಏರಿಗಳ ಮೇಲೆ ಜಲ್ಲಿ ಸುರಿಯುತ್ತಿದ್ದಾರೆ, ಕೆಲವಕ್ಕೆ ಕಾಂಕ್ರೀಟ್ ಹಾಸು. ತುಳಿದು ಗಟ್ಟಿಯಾದ ಮಣ್ಣಿನಷ್ಟು ಒಳ್ಳೆಯ ಹಾದಿ ಸೈಕಲ್ಲಿಗೆ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಇಂಜಿನಿಯರುಗಳ ಜೊತೆ ಜಗಳಕ್ಕೆ ನಾನಿಲ್ಲ. ನನ್ನ ತಕರಾರು ಬೇರೆ. ಸಂಜೆ ಏರಿಯ ಮೇಲೆ ಕೂತು ಕುಡಿಯುವವರಲ್ಲಿ ಒಂದು ಬೇಡಿಕೆ: ಕುಡಿಯಿರಿ, ತಂಗಾಳಿಯಿದೆ, ಬೇಡವೆನ್ನಲು ನಾನ್ಯಾರು. ಖಾಲಿ ಬಾಟಲಿಯನ್ನು ಮಾತ್ರ ತೂಬಿನ ಕಲ್ಲಿಗೆ ಕುಕ್ಕಿ ಒಡೆಯಬೇಡಿ. ಬೆಳಗ್ಗೆ ಅದೇ ದಾರಿಯಲ್ಲಿ ಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ, ಬರಿಗಾಲಿನ ಎಮ್ಮೆಗಳಿವೆ, ಮತ್ತೆ ಪಂಕ್ಚರ್ ಅಂಗಡಿ ಇರುವುದು ಹೆದ್ದಾರಿಯಲ್ಲಿ.