ಮತ್ತಿ ತಿಮ್ಮಣ್ಣ ನಾಯಕ: ಮೂಲಪುರುಷನ ಚರಿತ್ರೆಯಲ್ಲಿ ದಾಖಲೆ ಮತ್ತು ಮನೆತನದ ಸ್ಮೃತಿ

ಒಂದು ಮನೆತನದ ಮೂಲಪುರುಷನ ಜೀವನವನ್ನು ಬರೆಯಹೊರಟವರಿಗೆ ಎರಡು ಬಗೆಯ ಆಕರಗಳು ಎದುರಾಗುತ್ತವೆ. ಒಂದು, ಅಧಿಕಾರದ ಅಗತ್ಯಕ್ಕಾಗಿ ಬರೆದಿಟ್ಟ ದಾಖಲೆ. ಇನ್ನೊಂದು, ವಂಶಸ್ಥರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ನೆನಪು. ಮೊದಲನೆಯದನ್ನು ಚರಿತ್ರೆಯೆಂದು ಸ್ವೀಕರಿಸಿ ಎರಡನೆಯದನ್ನು ಐತಿಹ್ಯವೆಂದು ಬದಿಗಿಡುವ ಕ್ರಮ ಪಾಳೆಯಗಾರರ ಅಧ್ಯಯನದಲ್ಲಿ ಬಹುಕಾಲ ನಡೆದುಬಂದಿದೆ. ಚಿತ್ರದುರ್ಗದ ಕಾಮಗೇತಿ ವಂಶದ ಮೂಲಪುರುಷನಾದ ಮತ್ತಿ ತಿಮ್ಮಣ್ಣ ನಾಯಕನ ವಿಷಯದಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ. ಆತನ ಬಗೆಗಿನ ‘ದಾಖಲೆ’ಯ ಬಹುಭಾಗ ಬರಹಕ್ಕಿಳಿದ ನೆನಪೇ ಆಗಿದೆ.

ಪ್ರಚಲಿತ ವೃತ್ತಾಂತ ಸಂಕ್ಷೇಪವಾಗಿ ಹೀಗಿದೆ. ತಿರುಪತಿಯ ಕಡೆಯಿಂದ ಬಂದು ನೆಲೆನಿಂತ ಬೇಡ ಮನೆತನಗಳಲ್ಲೊಂದು ಈತನದು. ವಿಜಯನಗರದ ಅರಸರ ಕೃಪೆಯಿಂದ ತಿಮ್ಮಣ್ಣ ನಾಯಕ ಮೊದಲು ಹೊಳಲ್ಕೆರೆಗೆ, ಅನಂತರ ಹಿರಿಯೂರಿಗೆ, ಕೊನೆಗೆ ಚಿತ್ರದುರ್ಗಕ್ಕೆ ನಾಯಕನಾದನು. ದುರ್ಗದ ಬೆಟ್ಟವನ್ನು ಆತ ಭದ್ರಪಡಿಸಿದುದು ಅವಿಧೇಯತೆಯಾಗಿ ಕಂಡು, ಸಾಳುವ ನರಸಿಂಗರಾಯನ ನೇತೃತ್ವದಲ್ಲಿ ಸೈನ್ಯ ಬಂದಿತು. ಆಗ ನಾಯಕನು ರಾತ್ರಿ ವೈರಿಪಾಳೆಯವನ್ನು ಹೊಕ್ಕು ದಳಪತಿಯ ಕುದುರೆಯನ್ನು ಕದಿಯಹೋದನು. ಎಚ್ಚೆತ್ತ ಕುದುರೆಯಾಳು ಗೂಟ ಬಡಿಯುವಾಗ, ಹುಲ್ಲಿನಡಿ ಅಡಗಿದ್ದ ನಾಯಕನ ಕೈಯಲ್ಲೇ ಗೂಟ ನಾಟಿಕೊಂಡಿತು. ಆತ ಸದ್ದುಮಾಡದೆ ಸಹಿಸಿ, ಎಲ್ಲರೂ ಮಲಗಿದ ಮೇಲೆ ಕೈಯನ್ನೇ ಕತ್ತರಿಸಿಕೊಂಡು ಕುದುರೆಯೊಡನೆ ಹಿಂದಿರುಗಿದನು. ಈ ಸಾಹಸದಿಂದ ಸಂಧಿಯಾಯಿತು. ಕಲಬುರಗಿಯ ದಂಡಯಾತ್ರೆಯಲ್ಲಿಯೂ ಆತ ಅರಸನಿಗೆ ನೆರವಾದನು. ಆದರೆ ಮತ್ತೆ ವಿರಸವುಂಟಾಗಿ ವಿಜಯನಗರದ ಸೆರೆಯಲ್ಲಿ ತೀರಿಕೊಂಡನು.

ಈ ಕಥನ ಇಂದಿನ ಓದುಗರಿಗೆ ಮುಖ್ಯವಾಗಿ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ ಮೂಲಕ ತಲುಪಿದೆ. ಮುದ್ರಿತ ಸರ್ಕಾರಿ ಗ್ರಂಥದಲ್ಲಿರುವ ಕಾರಣಕ್ಕೆ ಇದು ದಾಖಲೆಯ ಗೌರವ ಪಡೆದಿದೆ. ಆದರೆ ಈ ಬಗೆಯ ಕಥನಗಳ ಬೇರು ಕೈಫಿಯತ್ತು, ಬಖೈರುಗಳ ಪರಂಪರೆಯಲ್ಲಿದೆ. ಟಿಪ್ಪುವಿನ ಪತನದ ಅನಂತರ ಕಾಲಿನ್ ಮೆಕೆಂಝಿಯ ಸರ್ವೇಕ್ಷಣೆಯ ಕಾಲದಲ್ಲಿ ಸ್ಥಳೀಯ ಕರಣಿಕರಿಂದಲೂ ಹಿರಿಯರಿಂದಲೂ ಸಂಗ್ರಹವಾದ ಇಂಥ ಬರಹಗಳನ್ನು ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಿಂದ ಹೊರತಂದಿತು. ಎಂ. ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಮತ್ತು ಹುಲ್ಲೂರು ಶ್ರೀನಿವಾಸ ಜೋಯಿಸರ ಸಂಗ್ರಹಕಾರ್ಯಗಳೂ ಈ ಪರಂಪರೆಯನ್ನೇ ಬಳಸಿ ಬೆಳೆಸಿದವು. ಕೈಫಿಯತ್ತೆಂದರೆ ಕೇಳಿದ ಪ್ರಶ್ನೆಗೆ ಕೊಟ್ಟ ಹೇಳಿಕೆ. ಕೇಳಿದವರು ಯಾರು, ಹೇಳಿದವರು ಯಾರು, ಹೇಳುವಾಗ ಅವರಿಗೆ ಏನು ಬೇಕಾಗಿತ್ತು ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟು ಅದನ್ನು ಓದಲಾಗದು.

ಇಲ್ಲಿ 1779ರ ಘಟನೆ ನಿರ್ಣಾಯಕವಾದುದು. ಆ ವರ್ಷ ಹೈದರಾಲಿಯು ದುರ್ಗವನ್ನು ವಶಪಡಿಸಿಕೊಂಡು, ಕೊನೆಯ ಮದಕರಿ ನಾಯಕನನ್ನೂ ಆತನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಒಯ್ದನು. ಗೆಜೆಟಿಯರು ಹೇಳುವಂತೆ 20,000 ಮಂದಿ ಬೇಡರನ್ನು ಅಲ್ಲಿಗೆ ಸಾಗಿಸಲಾಯಿತು. ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಲಾಯಿತು. ಅಂದರೆ ಮೂಲಪುರುಷನ ಕಥೆ ಸರ್ವೇಕ್ಷಣೆಯ ಕಾಲದಲ್ಲಿ ಬರಹಕ್ಕಿಳಿದಾಗ, ಅದನ್ನು ಕಾಪಿಟ್ಟಿದ್ದ ಸಮುದಾಯ ಚದುರಿ ಎರಡು ದಶಕಗಳಾಗಿದ್ದವು. ರಾಜ್ಯ ಕಳೆದುಕೊಂಡವರ ನೆನಪು ರಾಜ್ಯ ಗಳಿಸಿದ ಪೂರ್ವಜನನ್ನು ಹೇಗೆ ಚಿತ್ರಿಸುತ್ತದೆ ಎಂಬುದು ಈ ಬರಹಗಳ ಒಳಗಿನ ಸಮಸ್ಯೆ.

ಕಾಲನಿರ್ಣಯದ ತೊಡಕು ಇದನ್ನು ಸ್ಪಷ್ಟಪಡಿಸುತ್ತದೆ. ಪ್ರಚಲಿತ ರಾಜಾವಳಿಗಳು ತಿಮ್ಮಣ್ಣ ನಾಯಕನ ಆಳ್ವಿಕೆಯನ್ನು 1568ರಿಂದ 1588ರವರೆಗೆ ಇಡುತ್ತವೆ. ಸಾಳುವ ನರಸಿಂಹನು 1491ರಲ್ಲಿಯೇ ತೀರಿಕೊಂಡಿದ್ದನು. ವಿಜಯನಗರ ಪಟ್ಟಣ 1565ರ ಯುದ್ಧದ ಬಳಿಕ ಹಾಳಾಗಿತ್ತು. ಆದುದರಿಂದ ನರಸಿಂಗರಾಯನ ಮುತ್ತಿಗೆ, ವಿಜಯನಗರದ ಸೆರೆವಾಸ, 1568ರ ಪಟ್ಟ ಇವು ಮೂರೂ ಒಬ್ಬನೇ ವ್ಯಕ್ತಿಯ ಜೀವಿತಕ್ಕೆ ಹೊಂದುವುದಿಲ್ಲ. ಮಗನಾದ ಓಬಣ್ಣ ನಾಯಕನು ವಿಜಯನಗರದ ಪತನಾನಂತರ ಸ್ವತಂತ್ರನಾದನೆಂದು ಇದೇ ಕಥನ ಹೇಳುವುದರಿಂದ, ಕಥನದ ಒಳಕ್ರಮದ ಪ್ರಕಾರ ತಂದೆ 1565ಕ್ಕಿಂತ ಹಿಂದಿನವನಾಗಬೇಕು. ಇಲ್ಲಿ ತಪ್ಪಿರುವುದು ನೆನಪಿನ ಕ್ರಮವಲ್ಲ, ಅದರ ಮೇಲೆ ತರುವಾಯ ಹೊಂದಿಸಿದ ಇಸವಿ ಎಂದು ಭಾವಿಸಲು ಅವಕಾಶವಿದೆ. ನರಸಿಂಗರಾಯನ ಹೆಸರಾದರೋ ಇನ್ನೂ ಹಿಂದಿನ ತಲೆಮಾರಿನ ಸಂಘರ್ಷವೊಂದು ಮೂಲಪುರುಷನ ಮೇಲೆ ಬಂದು ಕೂಡಿದುದರ ಗುರುತಾಗಿರಬಹುದು. ಓಬಣ್ಣ, ಮದಕರಿ, ಕಸ್ತೂರಿ ರಂಗಪ್ಪ ಎಂಬ ಹೆಸರುಗಳು ಮತ್ತೆ ಮತ್ತೆ ಮರಳುವ ವಂಶದಲ್ಲಿ ಒಬ್ಬನ ಕೃತ್ಯ ಇನ್ನೊಬ್ಬನಿಗೆ ಸಲ್ಲುವುದು ಅಸಹಜವಲ್ಲ.

ಹಾಗಾದರೆ ಈ ಪದರಗಳಲ್ಲಿ ಯಾವುದನ್ನು ನಂಬಬೇಕು? ವಂಶದ ಗೌರವವನ್ನು ಹೆಚ್ಚಿಸುವ ಅಂಶಗಳನ್ನು ಸಂದೇಹಿಸಿ, ಗೌರವಕ್ಕೆ ಕುಂದು ತರುವ ಅಂಶಗಳಿಗೆ ಹೆಚ್ಚು ಬೆಲೆ ಕೊಡುವುದು ವಿಮರ್ಶೆಯ ಒಂದು ಪರಿಚಿತ ವಿಧಾನ. ಅದರಂತೆ ವಾಲ್ಮೀಕಿ ಗೋತ್ರ, ತಿರುಪತಿಯ ಮೂಲ ಇವು ಅರಸುತನ ಸ್ಥಿರವಾದ ಮೇಲೆ ಕೂಡಿಕೊಂಡವೆಂದು ಊಹಿಸಬಹುದು. ಕುದುರೆಗಳ್ಳತನ ಹಳೆಯ ನೆನಪೆನ್ನಬಹುದು. ಆದರೆ ಈ ವಿಧಾನವನ್ನು ಯಾಂತ್ರಿಕವಾಗಿ ಅನ್ವಯಿಸಿದರೆ ಹೊರಗಿನವರ ಮಾನ-ಅಪಮಾನದ ಕಲ್ಪನೆಯನ್ನು ಬೇಡ ಸಮುದಾಯದ ಮೇಲೆ ಹೇರಿದಂತಾಗುತ್ತದೆ. ಬೇಟೆ ಮತ್ತು ರಾತ್ರಿಯ ಲಗ್ಗೆಯನ್ನೇ ಯುದ್ಧವಿದ್ಯೆಯಾಗಿ ಬಲ್ಲವರಿಗೆ ವೈರಿಯ ಕುದುರೆಯನ್ನು ತರುವುದು ಕಳವಲ್ಲ, ಕೌಶಲ. ಗೂಟ ನಾಟಿದ ಕೈಯ ಕಥೆ ಹೇಳುವುದು ಸಹನೆಯ ಪರೀಕ್ಷೆಯನ್ನು. ನಾಯಕತನ ಹುಟ್ಟಿನಿಂದ ಬರುವುದಲ್ಲ, ನೋವನ್ನು ನುಂಗಿ ಗಳಿಸುವುದು ಎಂಬ ತಿಳಿವಳಿಕೆ ಅದರಲ್ಲಿದೆ. ಗೋತ್ರದ ಹೇಳಿಕೆಗೂ ಈ ಕಥೆಗೂ ಇರುವ ವಿರೋಧ ಇಲ್ಲಿಯೇ. ಒಂದು ಅರ್ಹತೆಯನ್ನು ವಂಶದಲ್ಲಿ ಕಾಣುತ್ತದೆ, ಇನ್ನೊಂದು ಕೃತ್ಯದಲ್ಲಿ. ಘಟನೆಯಾಗಿ ಅದು ನಡೆಯಿತೋ ಇಲ್ಲವೋ, ಮೌಲ್ಯವಾಗಿ ಅದು ಗೋತ್ರಕ್ಕಿಂತ ಹಳೆಯದು.

ಸೆರೆಯಲ್ಲಿನ ಸಾವಿನ ಮಾತು ಬೇರೆ. ಯಾವ ಮೌಲ್ಯದ ಅಳತೆಯಲ್ಲಿಯೂ ಅದು ಮೂಲಪುರುಷನಿಗೆ ಒಪ್ಪುವ ಅಂತ್ಯವಲ್ಲ. ಅದನ್ನು ಕಟ್ಟಿಹೇಳಿದರೆ ವಂಶಕ್ಕೆ ಲಾಭವಿಲ್ಲ, ಮರೆತಿದ್ದರೆ ನಷ್ಟವಿರಲಿಲ್ಲ. ಆದರೂ ಉಳಿದಿದೆ. ಇಡೀ ವೃತ್ತಾಂತದಲ್ಲಿ ಚಾರಿತ್ರಿಕ ಸತ್ಯಕ್ಕೆ ಹೆಚ್ಚು ಸಮೀಪವಾದ ಅಂಶ ಇದೆಂದು ಪರಿಗಣಿಸಲು ಇದು ಸಾಕಷ್ಟು ಬಲವಾದ ಕಾರಣ.

ಇಷ್ಟೇ ಮಹತ್ವದ ಇನ್ನೊಂದು ಅಂಶವೆಂದರೆ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗಗಳ ಅನುಕ್ರಮ. ಇದನ್ನು ಪದೋನ್ನತಿಯ ಕಥೆಯಾಗಿ ಓದುವುದು ವಾಡಿಕೆ. ವಾಸ್ತವವಾಗಿ ಇದು ವಿಜಯನಗರದ ನಾಯಕತನದ ಸ್ವರೂಪವನ್ನು ತೋರಿಸುತ್ತದೆ. ಒಂದೆಡೆಯಿಂದ ಇನ್ನೊಂದೆಡೆಗೆ ಬದಲಾಯಿಸಬಹುದಾದ ಹುದ್ದೆ ಪಿತ್ರಾರ್ಜಿತ ಆಸ್ತಿಯಲ್ಲ. ವೇದಾವತಿಯ ದಡದ ಹಿರಿಯೂರಿನಿಂದ ಬೆಟ್ಟದ ನೆಲೆಗೆ ಬಂದು ಕೋಟೆ ಕಟ್ಟಿದಾಗ, ನಾಯಕನು ಹುದ್ದೆಯನ್ನು ನೆಲೆಯಾಗಿ ಮಾರ್ಪಡಿಸಿದನು. ಸಾಮ್ರಾಜ್ಯಕ್ಕೆ ಸಹ್ಯವಾಗದಿದ್ದುದು ಈ ಮಾರ್ಪಾಡು. ಮುತ್ತಿಗೆಗೂ ಸೆರೆಗೂ ಕಾರಣ ಇದರಲ್ಲಿದೆ. ತಲೆಮಾರುಗಳ ಅನಂತರ, 1675ರಲ್ಲಿ, ಚಿಕ್ಕಣ್ಣ ನಾಯಕನು ಹೊಸದುರ್ಗದ ಬೆಟ್ಟದ ಕೋಟೆಯನ್ನು ಕಟ್ಟಿಸಿದನೆಂದು ಗೆಜೆಟಿಯರು ತಿಳಿಸುತ್ತದೆ. ಆ ಹೊತ್ತಿಗೆ ಕೋಟೆ ಕಟ್ಟಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ‘ಹೊಸ’ ದುರ್ಗವೆಂಬ ಹೆಸರು ಹಳೆಯ ದುರ್ಗವೊಂದು ಮನೆತನದ ಸ್ವತ್ತಾಗಿ ಸ್ಥಿರಗೊಂಡುದನ್ನು ನೆನಪಿಸುವಂತಿದೆ. ನಾಲ್ಕು ಊರುಗಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಹುದ್ದೆ ವಂಶವಾದ ಪ್ರಕ್ರಿಯೆ ಕಾಣುತ್ತದೆ.

ತ. ರಾ. ಸುಬ್ಬರಾಯರ ಕಾದಂಬರಿಗಳು, ವಿಶೇಷವಾಗಿ 1982ರ ‘ದುರ್ಗಾಸ್ತಮಾನ’, ಈ ವಂಶದ ಕೊನೆಯನ್ನು ಕನ್ನಡ ಓದುಗರ ಮನಸ್ಸಿನಲ್ಲಿ ಅಚ್ಚೊತ್ತಿವೆ. ಅಂತ್ಯದ ದುರಂತಕ್ಕೆ ದೊರೆತ ಗಮನ ಆರಂಭದ ದುರಂತಕ್ಕೆ ದೊರೆತಿಲ್ಲ. ಮೊದಲ ನಾಯಕ ವಿಜಯನಗರದ ಸೆರೆಯಲ್ಲಿ, ಕೊನೆಯವನು ಶ್ರೀರಂಗಪಟ್ಟಣದ ಸೆರೆಯಲ್ಲಿ ಎಂಬ ಸಾಮ್ಯ ಕೈಫಿಯತ್ತು ಹೇಳಿದವರ ಅರಿವಿನಲ್ಲಿ ಇದ್ದಿರಲೇಬೇಕು. ಕೊನೆಯ ಸೋಲಿನ ನೋವು ಮೊದಲ ನಾಯಕನ ಸೆರೆಯ ನೆನಪನ್ನು ಮಾಸದಂತೆ ಕಾಯ್ದಿರಬಹುದು. ಅದೇ ನೋವು ಆ ನೆನಪಿಗೆ ಬಣ್ಣ ಬಳಿದಿರಲೂಬಹುದು ಎಂಬ ಎಚ್ಚರವೂ ಸಂಶೋಧಕನಿಗಿರಬೇಕು.

ಮುಂದಿನ ಕೆಲಸ ಈ ಎಚ್ಚರದಿಂದಲೇ ಸಾಗಬೇಕಾಗಿದೆ. 1903ರಲ್ಲಿ ಪ್ರಕಟವಾದ ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟ ದಾನದ ದಿನವನ್ನೂ ದಾನಿಯ ಹೆಸರನ್ನೂ ಖಚಿತವಾಗಿ ಕೊಡಬಲ್ಲುದು. ದಾನಿಯ ಬದುಕನ್ನು ಕೊಡಲಾರದು. ಬೆಡಗು, ಮನೆದೇವರು, ಮರುಕಳಿಸುವ ಹೆಸರುಗಳು, ಸುಗ್ಗಿಯ ಕಾಲದಲ್ಲಿ ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಪಾಠಗಳು ಬದುಕಿನ ಸುಳಿವು ಕೊಡಬಲ್ಲವು, ದಿನವನ್ನು ಕೊಡಲಾರವು. ನಾಲ್ಕೂ ತಾಲ್ಲೂಕುಗಳಲ್ಲಿ ಈ ಎರಡನ್ನೂ ಊರೂರಿನ ಮಟ್ಟದಲ್ಲಿ ಎದುರುಬದುರಿಟ್ಟು ಪಟ್ಟಿಮಾಡಿದಾಗ ಮಾತ್ರ ಮೂಲಪುರುಷನ ಮೇಲೆ ಕೂಡಿಕೊಂಡಿರುವ ತಲೆಮಾರುಗಳನ್ನು ಬಿಡಿಸಿ ನೋಡಲು ಸಾಧ್ಯ. ಪ್ರತಿಯೊಂದು ಹೇಳಿಕೆಗೂ ಎರಡು ಕಾಲಗಳಿವೆ: ಘಟನೆಯ ಕಾಲ ಮತ್ತು ಹೇಳಿದ ಕಾಲ. ತಿಮ್ಮಣ್ಣ ನಾಯಕನ ಚರಿತ್ರೆಯನ್ನು ಬರೆಯುವವರು ಎರಡನೆಯದನ್ನು ಮೊದಲು ಗೊತ್ತುಪಡಿಸಿಕೊಳ್ಳಬೇಕು.